ಮಾವನ ಚೀಟಿ ಹಿಡಿದು ಹೋದ ಹುಡುಗ

ರಂಗನತಿಟ್ಟು ನೋಡದವರು ನಮ್ಮ ಕಾಲೇಜಿನಲ್ಲಿ ಹೆಚ್ಚು ಜನ ಇರಲಾರರು. ಪ್ರೈಮರಿ ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮನೆಗೆ ನೆಂಟರು ಬಂದಾಗ ಇನ್ನೊಮ್ಮೆ, ಶ್ರೀರಂಗಪಟ್ಟಣದ ಕೋಟೆ, ದರಿಯಾ ದೌಲತ್, ಗುಂಬಜ್ ಮುಗಿಸಿಕೊಂಡು ಕೊನೆಗೆ ದೋಣಿ ಹತ್ತಿ ಮೊಸಳೆ ನೋಡಿ ಬಂದಿರುತ್ತೇವೆ. ಸುಮಾರು 1645ರಿಂದ 1648ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟೆ ಕಟ್ಟಿಸಿದಾಗ ಈ ತಿಟ್ಟುಗಳು ಉಂಟಾದವು. ನೀರಿನ ನಡುವೆ ಮರ ಬೆಳೆಯಿತು, ಮರಕ್ಕೆ ಹಕ್ಕಿ ಬಂತು. ಇನ್ನೂರ ತೊಂಬತ್ತು ವರ್ಷಗಳ ಕಾಲ ಹಾಗೇ ಬಂದು ಹೋಗುತ್ತಿದ್ದ ಆ ಹಕ್ಕಿಗಳಿಗೆ ಇದು ರಕ್ಷಿತ ಜಾಗ ಆಗಬೇಕು ಎಂದು ಮೈಸೂರು ಅರಸರಿಗೆ ಹೇಳಿ ಒಪ್ಪಿಸಿದವರು ಸಲೀಂ ಅಲಿ. ಅದು 1940ರ ಮಾತು. ಈಗ ಅದು ರಾಮ್‌ಸಾರ್ ಪಟ್ಟಿಗೂ ಸೇರಿದೆ, 2022ರಲ್ಲಿ.

ವಾರ್ತಾಪತ್ರಕ್ಕೆ ಒಬ್ಬ ವಿಜ್ಞಾನಿಯ ಜೀವನ ಬರೆದುಕೊಡಿ ಎಂದಾಗ ನಮ್ಮ ತರಗತಿಯಲ್ಲಿ ಕಲಾಂ, ರಾಮನ್, ವಿಶ್ವೇಶ್ವರಯ್ಯ ಮೂವರೂ ಐದೇ ನಿಮಿಷದಲ್ಲಿ ಖರ್ಚಾಗಿಹೋದರು. ನನಗೆ ಸಲೀಂ ಅಲಿ ಸಿಕ್ಕರು. ಸಿಕ್ಕಿದ್ದು ಒಳ್ಳೆಯದೇ ಆಯಿತು. ಯಾಕೆಂದರೆ ನಾನು ಸಂತೆಬಾಚಹಳ್ಳಿಯವನು, ನಮ್ಮ ಮನೆಯಲ್ಲಿ ಈಗ ಒಂದು ವರ್ಷದಿಂದ ಹಕ್ಕಿಯ ವಿಷಯಕ್ಕೇ ಜಗಳ ನಡೆದಿದೆ. ಆ ಜಗಳ ಏನೆಂದು ಆಮೇಲೆ ಹೇಳುತ್ತೇನೆ.

ಸಲೀಂ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಸುಲೈಮಾನಿ ಬೋಹ್ರಾ ಮನೆತನ. ತಂದೆ ಮೊಯಿಜುದ್ದೀನ್, ತಾಯಿ ಜೀನತುನ್ನಿಸಾ. ತುಂಬಿದ ಮನೆಯ ಕೊನೆಯ ಮಗು. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು, ಮೂರು ವರ್ಷವಾಗುವಾಗ ತಾಯಿಯೂ ಇಲ್ಲ. ಆ ಮಕ್ಕಳನ್ನೆಲ್ಲ ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಖೇತ್‌ವಾಡಿ ಎಂಬ ಬಡಾವಣೆಯಲ್ಲಿ ಮನೆ; ಕುದುರೆ ಲಾಯ, ಗಾಡಿ, ಅಡುಗೆಯವರು ಎಲ್ಲ ಇದ್ದ ಅನುಕೂಲಸ್ಥರ ಮನೆ. ಕಾಂಗ್ರೆಸ್ಸಿನ ಮೊದಲ ಮುಸ್ಲಿಂ ಅಧ್ಯಕ್ಷರಾದ ಬದ್ರುದ್ದೀನ್ ತ್ಯಾಬ್ಜಿ, ಗಾಂಧೀಜಿಯ ಒಡನಾಡಿ ಅಬ್ಬಾಸ್ ತ್ಯಾಬ್ಜಿ ಇಬ್ಬರೂ ಇದೇ ಬಳಗದವರು.

ಮನೆಯ ಗಂಡು ಹುಡುಗರಿಗೆ ಆಗ ಒಂದೇ ಹುಚ್ಚು, ಬೇಟೆ. ಮಾವ ಸ್ವತಃ ಬೇಟೆಗಾರರು. ಹುಡುಗನ ಕೈಗೆ ಒಂದು ಏರ್‌ಗನ್ ಕೊಟ್ಟಿದ್ದರು. ಓರಗೆಯ ಹುಡುಗರನ್ನೆಲ್ಲ ಸೇರಿಸಿ ಗುರಿ ಹೊಡೆಯುವ ಪಂದ್ಯ ಇಡುತ್ತಿದ್ದರು. ಆ ಪಂದ್ಯಗಳಲ್ಲಿ ಜೊತೆಗಿದ್ದ ದೂರದ ನೆಂಟ ಇಸ್ಕಂದರ್ ಮಿರ್ಜಾ ಮುಂದೆ ಪಾಕಿಸ್ತಾನದ ಮೊದಲ ಅಧ್ಯಕ್ಷನಾದ. ಸಲೀಂ ಮಾತ್ರ ಗುಬ್ಬಚ್ಚಿಗಳ ಹಿಂದೆ ಬಿದ್ದ. ಅಡುಗೆಗೆಂದು ಪೇಟೆಯಿಂದ ತರುತ್ತಿದ್ದ ಜೀವಂತ ಕೌಜುಗ, ಪುರಲೆ ಹಕ್ಕಿಗಳಲ್ಲಿ ಒಂದೆರಡನ್ನು ಉಳಿಸಿಕೊಂಡು ಗೂಡು ಮಾಡಿ ಸಾಕುವುದೂ ಅವನ ಆಟಗಳಲ್ಲಿ ಒಂದು. ಇಷ್ಟರಲ್ಲಿ ವಿಜ್ಞಾನ ಏನೂ ಇಲ್ಲ. ನಮ್ಮೂರಲ್ಲಿ ರಬ್ಬರ್ ಬಿಲ್ಲು ಹಿಡಿದು ತೋಟ ಸುತ್ತುವ ಹುಡುಗರಿಗೂ ಅವನಿಗೂ ವ್ಯತ್ಯಾಸ ಗನ್ನಿನ ಬೆಲೆಯಲ್ಲಿ ಮಾತ್ರ.

ವ್ಯತ್ಯಾಸ ಬಂದದ್ದು ಬರೆದಿಡುವುದರಲ್ಲಿ. ಸುಮಾರು ಹತ್ತು ವರ್ಷದವನಿದ್ದಾಗ, 1906-07ರ ಸುಮಾರಿಗೆ, ಕುದುರೆ ಲಾಯದ ಗೋಡೆಯ ತೂತಿನಲ್ಲಿ ಒಂದು ಗುಬ್ಬಿ ಗೂಡು ಕಟ್ಟಿತ್ತು. ಹೆಣ್ಣು ಒಳಗೆ ಮೊಟ್ಟೆಗೆ ಕಾವು ಕೊಡುತ್ತಿತ್ತು, ಗಂಡು ಹೊರಗೆ ಕಾವಲು ಕೂತಿರುತ್ತಿತ್ತು. ಹುಡುಗ ಗಾಡಿಯ ಮರೆಯಲ್ಲಿ ಕೂತು ಆ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಆ ಹೆಣ್ಣು ಇನ್ನೊಂದು ಗಂಡನ್ನು ಕರೆದುಕೊಂಡು ಬಂತು, ಅದೂ ಅದೇ ಜಾಗದಲ್ಲಿ ಕಾವಲು ಕೂತಿತು. ಅದನ್ನೂ ಹೊಡೆದ. ಮತ್ತೊಂದು ಬಂತು. ಏಳು ದಿನದಲ್ಲಿ ಎಂಟು ಗಂಡುಗಳು. ಓದುವಾಗ ಹೊಟ್ಟೆ ತೊಳಸುತ್ತದೆ, ನಿಜ. ಆ ಹುಡುಗ ಇದನ್ನು ತನ್ನ ಬೇಟೆಯ ಲೆಕ್ಕ ಎಂದೇ ಬರೆದಿಟ್ಟಿದ್ದು. ಆದರೆ ಆ ಚಿಕ್ಕ ಟಿಪ್ಪಣಿಯಲ್ಲಿ ಜಾಗ ಇದೆ, ದಿನ ಇದೆ, ಸಂಖ್ಯೆ ಇದೆ, ಹೆಣ್ಣು ಹಕ್ಕಿ ಏನು ಮಾಡಿತು ಎಂಬುದೂ ಇದೆ. ಎಷ್ಟೋ ದಶಕಗಳ ನಂತರ ಪಕ್ಷಿವೀಕ್ಷಕರ ಒಂದು ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಒಂಟಿಯಾದ ಹೆಣ್ಣುಗುಬ್ಬಿಗೆ ಸಂಗಾತಿ ಎಷ್ಟು ಬೇಗ ಸಿಗುತ್ತದೆ ಎಂಬ ಪ್ರಶ್ನೆಗೆ ಅದೊಂದು ಅವಲೋಕನ. ಬಯಾಲಜಿ ರೆಕಾರ್ಡ್ ಬರೆಯುವಾಗ ನಾವು ದಿನಾಂಕ ಹಾಕುವುದನ್ನೇ ಮರೆಯುತ್ತೇವೆ ಎಂಬುದು ಇಲ್ಲಿ ನೆನಪಾಗುತ್ತದೆ.

ಇನ್ನೊಂದು ಗುಬ್ಬಿಯ ಕತೆ ಇದಕ್ಕಿಂತ ಪ್ರಸಿದ್ಧ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಒಂದು ದಿನ ಅವನು ಹೊಡೆದ ಗುಬ್ಬಿ ಕೈಗೆ ತೆಗೆದುಕೊಂಡಾಗ ಬೇರೆ ಥರ ಕಂಡಿತು. ಕೊರಳ ಮೇಲೆ ಹಳದಿ ಬಣ್ಣದ ಗುರುತು. ದಿನಾ ನೋಡುವ ಗುಬ್ಬಿಗೆ ಅದು ಇರುವುದಿಲ್ಲ. ಅವನಿಗೆ ಮೊದಲು ಬಂದ ಅನುಮಾನ ವಿಜ್ಞಾನದ್ದಲ್ಲ: ಇಂಥ ಹಕ್ಕಿಯನ್ನು ಮುಸಲ್ಮಾನರು ತಿನ್ನಬಹುದೋ ಇಲ್ಲವೋ ಎಂಬುದು. ಅದನ್ನು ಹಿಡಿದುಕೊಂಡು ಮಾವನ ಹತ್ತಿರ ಹೋದ. ಮಾವನಿಗೂ ಆ ಹಕ್ಕಿ ಯಾವುದೆಂದು ತಿಳಿಯಲಿಲ್ಲ.

ಈ ಜಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಗೊತ್ತಿಲ್ಲದ್ದನ್ನು ಮಕ್ಕಳು ಕೇಳಿದಾಗ ದೊಡ್ಡವರು ಏನೇನು ಮಾಡಬಹುದು ಎಂಬುದು ನಮಗೆಲ್ಲ ಗೊತ್ತು. ಗದರಬಹುದು. ಏನೋ ಒಂದು ಹೆಸರು ಹೇಳಿ ಸಾಗಹಾಕಬಹುದು. ಹೋಗಿ ಓದಿಕೋ ಎನ್ನಬಹುದು. ಅಮೀರುದ್ದೀನ್ ತ್ಯಾಬ್ಜಿ ಇದ್ಯಾವುದನ್ನೂ ಮಾಡಲಿಲ್ಲ. 1883ರಲ್ಲಿ ಶುರುವಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಬಹಳ ಮೊದಲೇ ಸದಸ್ಯರಾದ ಭಾರತೀಯರಲ್ಲಿ ಅವರೂ ಒಬ್ಬರು. ಅದರ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಅವರಿಗೆ ಒಂದು ಪರಿಚಯದ ಚೀಟಿ ಬರೆದು ಹುಡುಗನ ಕೈಗೆ ಕೊಟ್ಟರು, ಹಕ್ಕಿಯನ್ನು ತೆಗೆದುಕೊಂಡು ನೀನೇ ಹೋಗಿ ಕೇಳು ಎಂದು ಕಳಿಸಿದರು.

ಹುಡುಗ ಅಪೋಲೋ ಬೀದಿಯಲ್ಲಿದ್ದ ಆ ಕಚೇರಿಗೆ ಅಳುಕುತ್ತಲೇ ಹೋದ. ಬ್ರಿಟಿಷರ ಕಾಲ, ಒಳಗೆ ಕೂತಿರುವವರು ದೊಡ್ಡ ದೊರೆ, ಕೈಯಲ್ಲಿ ಸತ್ತ ಗುಬ್ಬಿಯ ಪೊಟ್ಟಣ. ಮಿಲ್ಲಾರ್ಡ್ ನಗಲಿಲ್ಲ. ಇದು ಹಳದಿ ಕೊರಳಿನ ಗುಬ್ಬಿ ಎಂದು ಹೇಳಿ, ಬೀರುಗಳನ್ನು ಎಳೆದು ಒಳಗೆ ಸಾಲಾಗಿ ಇಟ್ಟಿದ್ದ ಒಣಗಿಸಿ ತುಂಬಿದ ಹಕ್ಕಿಗಳನ್ನೆಲ್ಲ ತೋರಿಸಿದರು. ಗುಬ್ಬಿ ಜಾತಿಯಲ್ಲೇ ಎಷ್ಟು ಬಗೆ ಇದೆ ಎಂದು ಹುಡುಗನಿಗೆ ಗೊತ್ತಾದದ್ದು ಅವತ್ತು. ಓದಲು ಒಂದೆರಡು ಪುಸ್ತಕ ಕೊಟ್ಟರು. ಅದರಲ್ಲಿ ಒಂದು, ಉತ್ತರ ಕನ್ನಡದ ಕಡೆಯೂ ನೌಕರಿ ಮಾಡಿದ್ದ ಎಡ್ವರ್ಡ್ ಏಟ್ಕನ್ ಬರೆದ ಮುಂಬಯಿಯ ಸಾಮಾನ್ಯ ಹಕ್ಕಿಗಳ ಪುಸ್ತಕ. ನೀನೂ ಸಂಗ್ರಹ ಮಾಡು ಎಂದು ಹುರಿದುಂಬಿಸಿದರು, ಹಕ್ಕಿಯ ಚರ್ಮ ಸುಲಿದು ಕೆಡದಂತೆ ಇಡುವ ಕೆಲಸ ಕಲಿಯಲು ಏರ್ಪಾಟು ಮಾಡಿದರು. ಅದನ್ನು ಹೇಳಿಕೊಟ್ಟವರು ಸೊಸೈಟಿಯ ಕ್ಯುರೇಟರ್ ನಾರ್ಮನ್ ಕಿನ್ನಿಯರ್.

ಇದಾದ ಮೇಲೆ ಸಲೀಂ ಬುದ್ಧಿವಂತ ವಿದ್ಯಾರ್ಥಿಯಾಗಿ ಎಲ್ಲದರಲ್ಲೂ ರ‍್ಯಾಂಕ್ ಬಂದ ಎಂದು ಬರೆಯುವ ಹಾಗಿಲ್ಲ. ಹದಿಮೂರರ ಸುಮಾರಿಗೆ ತಲೆನೋವು ಹಿಡಿಯಿತು, ಶಾಲೆ ತಪ್ಪುತ್ತಿತ್ತು. ಹವಾ ಬದಲಾದರೆ ಸರಿಹೋಗಬಹುದೆಂದು ಸಿಂಧ್ ಪ್ರಾಂತ್ಯದ ನೆಂಟರ ಮನೆಗೆ ಕಳಿಸಿದರು. ಹೇಗೋ 1913ರಲ್ಲಿ ಮೆಟ್ರಿಕ್ ದಾಟಿದ್ದಾಯಿತು. ಸೇಂಟ್ ಜೇವಿಯರ್ ಕಾಲೇಜಿಗೆ ಸೇರಿ ಮೊದಲ ವರ್ಷವೇ ಕಷ್ಟವಾಗಿ ಬಿಟ್ಟ. ಗಣಿತ ಅವನಿಗೆ ಯಾವತ್ತೂ ಹಿಡಿಸಲಿಲ್ಲ. ಬರ್ಮಾದ ತವೊಯ್‌ನಲ್ಲಿ ಮನೆಯವರದು ವೊಲ್ಫ್ರಾಂ ಗಣಿಯ ವ್ಯವಹಾರ ಇತ್ತು, ಅದನ್ನು ನೋಡಿಕೊಳ್ಳಲು ಹೋದ. ಸುತ್ತ ಕಾಡು. ಗಣಿಗಿಂತ ಹಕ್ಕಿಯನ್ನೇ ಹೆಚ್ಚು ನೋಡಿದ. 1917ರಲ್ಲಿ ಮುಂಬಯಿಗೆ ಮರಳಿ ವಾಣಿಜ್ಯ, ಲೆಕ್ಕಪತ್ರ ಓದುತ್ತ, ಜೊತೆಗೆ ಫಾದರ್ ಬ್ಲಾಟರ್ ಅವರ ಒತ್ತಾಸೆಯಿಂದ ಪ್ರಾಣಿಶಾಸ್ತ್ರವನ್ನೂ ಕಲಿತ. 1918ರಲ್ಲಿ ತೆಹ್ಮಿನಾ ಅವರೊಡನೆ ಮದುವೆ. ಬರ್ಮಾದ ವ್ಯಾಪಾರ ಕೊನೆಗೂ ಕೈಹಿಡಿಯಲಿಲ್ಲ.

ಹಕ್ಕಿಗಳ ಕೆಲಸವನ್ನೇ ಮಾಡೋಣವೆಂದರೆ ಜೂವಾಲಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಡಿಗ್ರಿ ಕೇಳಿದರು. ಸಲೀಂ ಅಲಿಯವರ ಹತ್ತಿರ ಇರಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸಿ ಹೇಳುವ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 350 ರೂಪಾಯಿ. ಎರಡು ವರ್ಷಕ್ಕೆ ಆ ಕೆಲಸ ಸಪ್ಪೆ ಎನಿಸಿ ರಜೆ ಹಾಕಿ ಜರ್ಮನಿಗೆ ಹೋದರು. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಎಂಬ ದೊಡ್ಡ ಪಕ್ಷಿಶಾಸ್ತ್ರಜ್ಞರ ಕೈಕೆಳಗೆ ಕಲಿತರು. 1930ರಲ್ಲಿ ವಾಪಸು ಬಂದು ನೋಡಿದರೆ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಮೂವತ್ತನಾಲ್ಕರ ವಯಸ್ಸು, ಬರ್ಲಿನ್ನಿನಲ್ಲಿ ಕಲಿತು ಬಂದವರು, ಕೆಲಸ ಇಲ್ಲ. ಗಂಡ ಹೆಂಡತಿ ಅಲಿಬಾಗ್ ಹತ್ತಿರದ ಕಿಹಿಂ ಎಂಬ ಕಡಲತೀರದ ಹಳ್ಳಿಯ ಮನೆಗೆ ಹೋದರು. ಅಲ್ಲಿ ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಮಾಡಲು ಬೇರೇನೂ ಇಲ್ಲದ ಮನುಷ್ಯ ದಿನವಿಡೀ ಅದನ್ನೇ ನೋಡುತ್ತ ಕೂತರು.

ಗೀಜಗ ನಮಗೆ ಹೊಸದಲ್ಲ. ನಮ್ಮೂರ ಕಡೆ ಬಾವಿಯ ಮೇಲೆ ಬಾಗಿದ ಮರದಲ್ಲಿ, ಈಚಲಲ್ಲಿ, ತೆಂಗಿನ ಗರಿಯ ತುದಿಯಲ್ಲಿ ಮಳೆಗಾಲದ ಹೊತ್ತಿಗೆ ಸೋರೆಬುರುಡೆ ನೇತುಹಾಕಿದ ಹಾಗೆ ಅದರ ಗೂಡುಗಳಿರುತ್ತವೆ. ಭತ್ತ, ಕಬ್ಬಿನ ಎಲೆಯಂಚನ್ನು ಸೀಳಿ ದಾರ ಮಾಡಿಕೊಂಡು ನೇಯುತ್ತದೆ. ನಾನು ಇಷ್ಟು ದಿನ ಗಂಡು ಹೆಣ್ಣು ಸೇರಿ ಒಂದು ಗೂಡು ಕಟ್ಟಿ ಸಂಸಾರ ಮಾಡುತ್ತವೆ ಎಂದುಕೊಂಡಿದ್ದೆ. ಸಲೀಂ ಅಲಿ ಕಿಹಿಂನಲ್ಲಿ ಕಂಡುಕೊಂಡದ್ದು ಬೇರೆ. ನೇಯುವುದು ಗಂಡು. ಗೂಡು ಅರ್ಧ ಆಗುವಷ್ಟರಲ್ಲಿ ಹೆಣ್ಣುಗಳು ಬಂದು ಒಳಗೆ ಹೊಕ್ಕು ಪರೀಕ್ಷೆ ಮಾಡುತ್ತವೆ. ಮೆಚ್ಚಿಕೊಂಡ ಹೆಣ್ಣು ಅಲ್ಲೇ ನೆಲೆಸುತ್ತದೆ, ಆಮೇಲೆ ಗಂಡು ಕೊಳವೆಯಂಥ ಬಾಗಿಲು ಸೇರಿಸಿ ಗೂಡು ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತ ಮೇಲೆ ಈ ಗಂಡು ಪಕ್ಕದಲ್ಲೇ ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣಿಗಾಗಿ ಕಾಯುತ್ತದೆ. ಯಾವ ಹೆಣ್ಣೂ ಒಪ್ಪದ ಗೂಡು ಅರ್ಧಕ್ಕೇ ಉಳಿಯುತ್ತದೆ. ನಾವು ಮರದ ಕೆಳಗೆ ನೋಡುವ ಹೆಲ್ಮೆಟ್ಟಿನ ಆಕಾರದ ಅರ್ಧ ಗೂಡುಗಳಲ್ಲಿ ಎಷ್ಟೋ ಹೀಗೆ ತಿರಸ್ಕಾರವಾದವು. ಇದನ್ನು ಬರೆದು ಪ್ರಕಟಿಸಿದ ಮೇಲೆ ಪಕ್ಷಿಶಾಸ್ತ್ರದವರು ಸಲೀಂ ಅಲಿ ಯಾರು ಎಂದು ತಿರುಗಿ ನೋಡಿದರು. ಲ್ಯಾಬ್ ಇಲ್ಲ, ಸಂಬಳ ಇಲ್ಲ. ಇದ್ದದ್ದು ಹತ್ತು ವರ್ಷದ ಹುಡುಗ ಕುದುರೆ ಲಾಯದಲ್ಲಿ ಮಾಡಿದ ಕೆಲಸವೇ, ಗನ್ನು ಬಿಟ್ಟು.

ಗನ್ನಿನ ಬಗ್ಗೆ ಒಂದು ಮಾತು. ಅವರು ಗನ್ನು ಪೂರ್ತಿ ಬಿಟ್ಟವರೇನಲ್ಲ. ಅಧ್ಯಯನಕ್ಕೆ ಮಾದರಿ ಬೇಕಾದಾಗ ಹಕ್ಕಿಗಳನ್ನು ಹೊಡೆಯುತ್ತಿದ್ದರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಆ ಕಾಲದ ಪಕ್ಷಿಶಾಸ್ತ್ರ ನಡೆಯುತ್ತಿದ್ದದ್ದೇ ಹಾಗೆ. ಈಗ 1972ರ ವನ್ಯಜೀವಿ ಕಾಯಿದೆ ಇದೆ, ನಮ್ಮ ಕೈಯಲ್ಲಿ ಮೊಬೈಲ್ ಕ್ಯಾಮೆರಾ ಇದೆ. ಮನೆಯಲ್ಲಿ ಆಟವಾಡಿ ವಿಜ್ಞಾನಿಯಾದವರ ಕತೆ ಹೇಳುವಾಗ ಅವರ ಆಟದ ಸಾಮಾನನ್ನೂ ಹಾಗೇ ತೆಗೆದುಕೊಳ್ಳಬೇಕಾಗಿಲ್ಲ.

ಮುಂದಿನ ಇಪ್ಪತ್ತು ವರ್ಷ ಸಂಸ್ಥಾನಗಳ ಪಕ್ಷಿ ಸಮೀಕ್ಷೆ. ಹೈದರಾಬಾದ್, ಕೊಚ್ಚಿ, ತಿರುವಾಂಕೂರು, ಗ್ವಾಲಿಯರ್, ಇಂದೂರು, ಭೋಪಾಲ್. ರಾಜರು ಖರ್ಚು ಕೊಟ್ಟರೆ ಇವರು ಕೆಲಸ ಮಾಡಿಕೊಡುವುದು. ಕಾಡಿನ ಬಿಡಾರಗಳಲ್ಲಿ ತೆಹ್ಮಿನಾ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ತಂಗುವುದಕ್ಕೆ ಅಕ್ಕನ ಮನೆ ಸೇರಿದರು, ಉಳಿದ ಹೊತ್ತೆಲ್ಲ ಕೆಲಸ. ಅವರು ನಮ್ಮ ಮೈಸೂರು ಸಂಸ್ಥಾನಕ್ಕೆ ಬಂದದ್ದು ಅದೇ ದುಃಖದ ಬೆನ್ನಿಗೆ, 1939-40ರಲ್ಲಿ. ರಂಗನತಿಟ್ಟಿನ ದೋಣಿಯಲ್ಲಿ ಕೂತಾಗ ನನಗೆ ಇನ್ನು ಮೇಲೆ ಇದೂ ನೆನಪಿಗೆ ಬರುತ್ತದೆ. ಆ ಸಮೀಕ್ಷೆಯ ಫಲ ಮೈಸೂರಿನ ಹಕ್ಕಿಗಳು ಎಂಬ ವರದಿ. ಹ್ಯೂ ವಿಸ್ಲರ್ ಅವರೊಡನೆ ಬರೆದದ್ದು, 1942-43ರಲ್ಲಿ ಸೊಸೈಟಿಯ ಜರ್ನಲ್ಲಿನಲ್ಲಿ ಬಂತು. ಅದರ ಹಿಂದಿನ ವರ್ಷ, 1941ರಲ್ಲಿ, ಭಾರತದ ಹಕ್ಕಿಗಳ ಬಗ್ಗೆ ಅವರು ಬಣ್ಣದ ಚಿತ್ರಗಳೊಡನೆ ಬರೆದ ಪುಸ್ತಕ ಮನೆಮನೆಗೆ ಹೋಯಿತು. ಡಿಲನ್ ರಿಪ್ಲೆ ಅವರೊಡನೆ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಹೊರಬಂತು.

ಹಕ್ಕಿಯೊಂದೇ ಅಲ್ಲ, ಮೋಟಾರ್ ಬೈಕ್ ಕೂಡ ಅವರ ಹುಚ್ಚು. ಬರ್ಮಾದಲ್ಲಿ ಶುರುವಾದದ್ದು ಹಾರ್ಲೆ ಡೇವಿಡ್‌ಸನ್, ಸನ್‌ಬೀಮ್ ಎಂದು ಮುಂದುವರಿಯಿತು. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಅಂತಾರಾಷ್ಟ್ರೀಯ ಪಕ್ಷಿಶಾಸ್ತ್ರ ಸಮ್ಮೇಳನ. ಐವತ್ತು ದಾಟಿದ ಮನುಷ್ಯ ತನ್ನ ಸನ್‌ಬೀಮನ್ನು ಹಡಗಿಗೆ ಹಾಕಿಸಿಕೊಂಡು ಹೋಗಿ ಯೂರೋಪಿನಲ್ಲಿ ಓಡಿಸಿದರು, ದಾರಿಯಲ್ಲಿ ಬಿದ್ದೂ ಬಿದ್ದರು. ಭಾರತದಿಂದ ಬೈಕಿನಲ್ಲೇ ಬಂದಿದ್ದಾರೆ ಎಂದು ಅಲ್ಲಿ ಸುದ್ದಿ ಹಬ್ಬಿತಂತೆ. ನಮ್ಮ ಹುಡುಗರ ಪೈಕಿ ಸೈಲೆನ್ಸರ್ ಬಿಚ್ಚುವವರಿಗೆ ಇದು ಇಷ್ಟವಾಗಬಹುದು.

ಈಗ ನಮ್ಮ ಮನೆಯ ಜಗಳ. ತಮ್ಮ ಆರನೇ ಕ್ಲಾಸು. ಹಳೆಯ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಹಕ್ಕಿಗಳ ಲೆಕ್ಕ ಬರೆಯುತ್ತಾನೆ: ಕೆರೆಯ ಏರಿಯ ಮೇಲೆ ಎಷ್ಟು ಬೆಳ್ಳಕ್ಕಿ, ಮಿಂಚುಳ್ಳಿ ಯಾವ ಕಂಬಿಯ ಮೇಲೆ. ಅಪ್ಪನಿಗೆ ಅವನು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಓದಬೇಕು. ಆ ಪುಸ್ತಕ ಒಮ್ಮೆ ರದ್ದಿಯವನ ತಕ್ಕಡಿಯವರೆಗೆ ಹೋಗಿ ಬಂದಿದೆ, ಅಮ್ಮ ನೋಡಿ ಎತ್ತಿಟ್ಟರು. ಅಪ್ಪನ ಆತಂಕ ಸುಳ್ಳಲ್ಲ. ಎರಡು ಎಕರೆಯಲ್ಲಿ ಇನ್ನೊಂದು ತಲೆಮಾರು ಬದುಕುವುದಿಲ್ಲ ಎಂದು ಅವರಿಗೆ ಗೊತ್ತು. ಸಲೀಂ ಅಲಿ ಕೆಲಸವಿಲ್ಲದೆ ಕೂತಾಗ ಹೋಗಲು ಕಡಲತೀರದಲ್ಲಿ ಒಂದು ಮನೆ ಇತ್ತು, ನಮಗಿಲ್ಲ. ದೊಡ್ಡ ಮನೆತನ, ದೊಡ್ಡವರ ಪರಿಚಯ ಎಲ್ಲ ಅವರ ಕೈಹಿಡಿದವು. ಇದನ್ನು ಬಿಟ್ಟು ಅವರ ಜೀವನ ಹೇಳಿದರೆ ಅಪ್ಪ ಒಪ್ಪುವುದೂ ಇಲ್ಲ, ಒಪ್ಪಬೇಕಾಗಿಯೂ ಇಲ್ಲ.

ಆದರೆ ಆ ಚೀಟಿಗೆ ಖರ್ಚಾದದ್ದು ಒಂದು ಹಾಳೆ. ಅಪ್ಪನಿಗೆ ಈ ಲೇಖನವನ್ನು ಓದಿ ಹೇಳಿದಾಗ ಬೇರೆ ಯಾವುದಕ್ಕೂ ಅವರು ತಲೆಯಾಡಿಸಲಿಲ್ಲ, ಮಾವನಿಗೂ ಹಕ್ಕಿಯ ಹೆಸರು ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ಇನ್ನೊಂದು ಸಲ ಓದಿಸಿಕೊಂಡರು. ಈಗ ಸಂಜೆ ಏಳರವರೆಗೆ ಪರೀಕ್ಷೆಯ ಓದು, ಭಾನುವಾರ ಬೆಳಿಗ್ಗೆ ಹಕ್ಕಿ ಎಂದು ಒಪ್ಪಂದವಾಗಿದೆ. ಎಷ್ಟು ದಿನವೋ ನೋಡಬೇಕು.

ಸಲೀಂ ಅಲಿಯವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂತು. ಡಿಗ್ರಿ ಇಲ್ಲದವರಿಗೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯವೂ ದೆಹಲಿ ವಿಶ್ವವಿದ್ಯಾಲಯವೂ ಗೌರವ ಡಾಕ್ಟರೇಟ್ ಕೊಟ್ಟವು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಅದೇ ವರ್ಷ ಆತ್ಮಕಥೆ ಬಂತು. ಅದರ ಹೆಸರಿನಲ್ಲೂ ಆ ಗುಬ್ಬಿಯೇ ಇದೆ. 1987ರ ಜೂನ್ 20ರಂದು ಮುಂಬಯಿಯಲ್ಲಿ ತೀರಿಕೊಂಡರು, ತೊಂಬತ್ತು ತುಂಬಿತ್ತು.

ನಮ್ಮ ಕೆರೆಯಂಚಿನ ಈಚಲ ಮರದಲ್ಲಿ ತಮ್ಮ ಹೋದ ಮಳೆಗಾಲ ಇಪ್ಪತ್ತಮೂರು ಗೀಜಗನ ಗೂಡು ಎಣಿಸಿದ್ದಾನೆ, ಅದರಲ್ಲಿ ಒಂಬತ್ತು ಅರ್ಧಕ್ಕೆ ನಿಂತವು. ಹೆಚ್ಚು ಕಡಿಮೆ ಎಲ್ಲವೂ ಮರದ ಮೂಡಲ ಕಡೆಗೇ ಇದ್ದವಂತೆ, ಪಡುವಲಿಗೆ ಒಂದೋ ಎರಡೋ. ಯಾಕೆ ಎಂದು ನನ್ನನ್ನು ಕೇಳಿದ. ನನಗೆ ಗೊತ್ತಿರಲಿಲ್ಲ. ಬಯಾಲಜಿ ಸರ್‌ಗೆ ಒಂದು ಚೀಟಿ ಬರೆದು, ಪುಸ್ತಕದ ಸಮೇತ ಅವನನ್ನೇ ಶನಿವಾರ ಕಾಲೇಜಿಗೆ ಕರೆದುಕೊಂಡು ಬರುತ್ತಿದ್ದೇನೆ.